ದಾವಣಗೆರೆಯ ಅತ್ತಿಗೆಗೆ: ಈಸ್ಟ್ ಬೇಡದ ಗೋಧಿ ಬ್ರೆಡ್

ಕಾರ್ಕ್, ಐರ್ಲೆಂಡ್

ಪ್ರೀತಿಯ ಅತ್ತಿಗೆಯವರಿಗೆ ನಿಮ್ಮ ಮೈದುನನ ನಮಸ್ಕಾರಗಳು.

ಇತ್ತ ನಾನು ಕ್ಷೇಮ. ಅತ್ತ ನೀವು, ಅಣ್ಣ, ಅಪ್ಪಾಜಿ ಹಾಗೂ ಮಕ್ಕಳು ಕ್ಷೇಮವೆಂದು ನಂಬಿದ್ದೇನೆ. ಹೊಸ ಓವನ್‌ನಲ್ಲಿ ಈಸ್ಟ್ ಇಲ್ಲದೆ ಗೋಧಿ ಬ್ರೆಡ್ ಮಾಡಲು ಬರುತ್ತದೆಯೇ ಎಂದು ನೀವು ಫೋನಿನಲ್ಲಿ ಕೇಳಿದ್ದಿರಿ. ಖಂಡಿತ ಬರುತ್ತದೆ, ಅದಕ್ಕೆ ಮುಖ್ಯವಾಗಿ ಬೇಕಾದ ಹುಳಿ ಮೊಸರು, ಅಡುಗೆ ಸೋಡಾ ಎರಡೂ ನಿಮ್ಮಲ್ಲಿ ಯಾವಾಗಲೂ ಇರುತ್ತವೆ.

ಇಲ್ಲಿನ ತಂಪು, ತೇವದ ಹವೆಯಲ್ಲಿ ಬೆಳೆಯುವ ಮೆದು ಗೋಧಿಗೆ ಜಿಗುಟು ಕಡಿಮೆ. ಈಸ್ಟ್ ಹಾಕಿ ನಾದಿದರೆ ಅದು ಅಷ್ಟಾಗಿ ಉಬ್ಬುವುದಿಲ್ಲ. ಆದ್ದರಿಂದ 19ನೆಯ ಶತಮಾನದಲ್ಲಿ ಅಡುಗೆ ಸೋಡಾ ಬಳಕೆಗೆ ಬಂದ ಮೇಲೆ, ಬೆಣ್ಣೆ ತೆಗೆದು ಉಳಿದ ಮಜ್ಜಿಗೆಯಲ್ಲಿ ಹಿಟ್ಟು ಕಲಸಿ ಬ್ರೆಡ್ ಸುಡುವ ಪದ್ಧತಿ ಇಲ್ಲಿ ಮನೆಮನೆಯಲ್ಲೂ ನೆಲೆಯೂರಿತು. ಮಜ್ಜಿಗೆಯ ಹುಳಿ ತಗುಲಿದ ಕೂಡಲೇ ಸೋಡಾದಿಂದ ಇಂಗಾಲದ ಡೈಆಕ್ಸೈಡ್ ಹೊರಟು ಹಿಟ್ಟನ್ನು ಉಬ್ಬಿಸತೊಡಗುವುದರಿಂದ, ಇದನ್ನು ನಾದುವಂತೆಯೂ ಇಲ್ಲ, ನೆನೆಯಲು ಬಿಡುವಂತೆಯೂ ಇಲ್ಲ.

ಹಾಗಾಗಿ ಓವನ್ನನ್ನು 200 ಡಿಗ್ರಿಗೆ ಕಾಯಲು ಇಟ್ಟು, ಅಚ್ಚಿಗೆ ಎಣ್ಣೆ ಸವರಿಕೊಂಡ ನಂತರವೇ ಕಲಸಲು ಕೈ ಹಾಕಿ. 450 ಗ್ರಾಂ ಗೋಧಿ ಹಿಟ್ಟನ್ನು ಜರಡಿ ಹಿಡಿಯದೆ ತೌಡಿನ ಸಮೇತ ತೆಗೆದುಕೊಂಡು, ಒಂದು ಟೀ ಚಮಚ ಉಪ್ಪು, ತಲೆ ಸವರಿದ ಒಂದು ಟೀ ಚಮಚ ಸೋಡಾ ಹಾಗೂ 80 ಗ್ರಾಂನಷ್ಟು ಬೀಜಗಳನ್ನು ಬೆರೆಸಿ. ಸೋಡಾವನ್ನು ಮಾತ್ರ ಅಂಗೈಯಲ್ಲಿ ಉಜ್ಜಿ ಪುಡಿ ಮಾಡಿಯೇ ಹಾಕಬೇಕು. ಗಂಟು ಉಳಿದರೆ ಆ ತುತ್ತು ಕಹಿಯಾಗಿ ಬಾಯಿ ಕೆಡುತ್ತದೆ. ಇಲ್ಲಿ ಅಂಗಡಿಯಲ್ಲಿ ಸಿಗುವ ಮಜ್ಜಿಗೆ ನಮ್ಮ ಮನೆಯದಕ್ಕಿಂತ ಮಂದವಾಗಿರುವುದರಿಂದ, ನೀವು 250 ಗ್ರಾಂ ಹುಳಿ ಮೊಸರಿಗೆ 150 ಮಿ.ಲೀ. ನೀರು ಸೇರಿಸಿ ಕಡೆದುಕೊಳ್ಳಿ. ಕಲ್ಲಿನ ಗಿರಣಿಯಲ್ಲಿ ಬೀಸುವಾಗ ಪಿಷ್ಟದ ಕಣಗಳು ಒಡೆಯುವುದರಿಂದ ನಮ್ಮ ಹಿಟ್ಟು ಹೆಚ್ಚು ನೀರು ಕುಡಿಯುತ್ತದೆ. ಆದಕಾರಣ ಇನ್ನೂ ಸ್ವಲ್ಪ ನೀರು ಕೈಯಳತೆಯಲ್ಲಿರಲಿ. ಕಲಸಿದ್ದು ಉದ್ದಿನ ವಡೆಯ ಹಿಟ್ಟಿನ ಹದಕ್ಕೆ ಬಂದರೆ ಸಾಕು, ಅಚ್ಚಿಗೆ ಸುರಿದು ತಡಮಾಡದೆ ಒಳಗಿಡಿ.

ಬೀಜಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಈ ಬ್ರೆಡ್ಡಿನ ರುಚಿಯಿರುವುದು ಅವುಗಳಲ್ಲಿ. ಸಿಪ್ಪೆ ತೆಗೆದ ಸೂರ್ಯಕಾಂತಿ, ಎಳ್ಳು, ಅಗಸೆ, ಗುರೆಳ್ಳು ಎಲ್ಲವೂ ಚೌಕಿಪೇಟೆಯಲ್ಲಿ ಸಿಗಬಹುದು. ಅಗಸೆಯನ್ನು ತರಿತರಿಯಾಗಿ ಕುಟ್ಟಿಕೊಳ್ಳಿ. ಇಡಿಯಾಗಿ ಹಾಕಿದರೆ ಬಹುಪಾಲು ಜೀರ್ಣವಾಗದೆ ಹೊರಹೋಗುತ್ತದೆ. ಸೂರ್ಯಕಾಂತಿ ಬೀಜದ ಸುತ್ತ ಬ್ರೆಡ್ಡಿನ ತಿರುಳು ಮರುದಿನ ಹಸಿರಾಗಿ ಕಂಡರೆ ಬೂಷ್ಟು ಹಿಡಿದಿದೆಯೆಂದು ಗಾಬರಿಯಾಗಬೇಡಿ. ಆ ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲವು ಸೋಡಾದ ಕ್ಷಾರಕ್ಕೆ ಸಿಕ್ಕಿ ಆ ಬಣ್ಣ ಬರುತ್ತದೆ, ಅದರಿಂದ ಯಾವ ಅಪಾಯವೂ ಇಲ್ಲ. ಸೋಡಾ ಹೆಚ್ಚಾಗದಂತೆ, ಮೊಸರಿನಲ್ಲಿ ಹುಳಿ ಸಾಕಷ್ಟಿರುವಂತೆ ನೋಡಿಕೊಂಡರೆ ಅದು ಕಡಿಮೆಯಾಗುತ್ತದೆ.

ಸುಮಾರು 45ರಿಂದ 50 ನಿಮಿಷಕ್ಕೆ ಬ್ರೆಡ್ ಬೇಯುತ್ತದೆ. ಅಚ್ಚಿನಿಂದ ತೆಗೆದು ತಳವನ್ನು ಬೆರಳಿನಿಂದ ಬಡಿದರೆ ಪೊಳ್ಳು ಸದ್ದು ಬರಬೇಕು. ಬರದಿದ್ದರೆ ಅಚ್ಚಿಲ್ಲದೆಯೇ ಇನ್ನೈದು ನಿಮಿಷ ಒಳಗಿಡಿ. ಮಕ್ಕಳು ಎಷ್ಟೇ ಅವಸರ ಮಾಡಿದರೂ ಬಿಸಿಯಲ್ಲಿ ಕೊಯ್ಯಬೇಡಿ, ಒಳಗೆಲ್ಲ ಮುದ್ದೆಯಾಗುತ್ತದೆ. ಬಟ್ಟೆಯಲ್ಲಿ ಸುತ್ತಿಟ್ಟರೆ ಮೇಲಿನ ಪದರ ಮೆತ್ತಗಾಗುತ್ತದೆ. ಮರುದಿನ ಹೋಳುಗಳನ್ನು ಹಂಚಿನ ಮೇಲೆ ಬಿಸಿ ಮಾಡಿ, ನಮ್ಮೂರ ಬೆಣ್ಣೆ ಸವರಿ, ಶೇಂಗಾ ಚಟ್ನಿಪುಡಿ ಉದುರಿಸಿ ಕೊಡಿ.

ಅಪ್ಪಾಜಿಯವರ ವಿಷಯದಲ್ಲಿ ಒಂದು ಮಾತು. ತೌಡು, ಬೀಜ ಇರುವುದರಿಂದ ಇದು ಮೈದಾ ಬ್ರೆಡ್ಡಿಗಿಂತ ಮೇಲು, ನಿಜ. ಆದರೂ ಇದು ಗೋಧಿಯೇ ಆದ್ದರಿಂದ ಅವರ ಸಕ್ಕರೆಯ ಲೆಕ್ಕಕ್ಕೆ ಸೇರುತ್ತದೆ. ಚಪಾತಿಯ ಬದಲಿಗೆ ಒಂದು ಹೋಳು ಕೊಡಿ, ಚಪಾತಿಯ ಜೊತೆಗೆ ಬೇಡ.

ನಿಮ್ಮ ಓವನ್ನಿನ ಒಳಗಿನ ಉದ್ದಗಲ ಅಳೆದು ತಿಳಿಸಿದರೆ, ಊರಿಗೆ ಬರುವಾಗ ಅದಕ್ಕೆ ಹೊಂದುವ ಅಚ್ಚನ್ನು ತರುತ್ತೇನೆ. ಅಪ್ಪಾಜಿ ಮತ್ತು ಅಣ್ಣನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದಗಳು.

ಇಂತಿ,
ನಿಮ್ಮ ಮೈದುನ