ಹಳೆಯ ಬೈಕಿನ ಸ್ಟ್ಯಾಂಡ್: ಬರೀ ವೆಲ್ಡಿಂಗ್ ಸಾಲದು

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ರೆಡ್ಡಿಚ್‌ನಲ್ಲಿ ಹುಟ್ಟಿ, 1950ರ ದಶಕದ ಮಧ್ಯದಿಂದ ಮದ್ರಾಸಿನಲ್ಲೂ ತಯಾರಾಗತೊಡಗಿದ ಬುಲೆಟ್ಟನ್ನು ಶಿರಸಿ, ಕಾರವಾರದ ಕಡೆ ಇಂದಿಗೂ ಅಕ್ಕರೆಯಿಂದ ಉಳಿಸಿಕೊಂಡವರಿದ್ದಾರೆ. ಆದರೆ ಎಂಜಿನ್ನಿಗೆ ಸಿಗುವ ಕಾಳಜಿಯಲ್ಲಿ ಕಾಲುಪಾಲೂ ಅದರ ಸೆಂಟರ್ ಸ್ಟ್ಯಾಂಡಿಗೆ ಸಿಗುತ್ತಿಲ್ಲವೆಂಬುದು ನನ್ನ ನೋವು.

ತಂದೆಯವರು ಬಿಟ್ಟುಹೋದ ನಮ್ಮ ಬುಲೆಟ್ಟಿನ ಸ್ಟ್ಯಾಂಡ್ ಸವೆದು, ಹಿಂದಿನ ಚಕ್ರ ನೆಲದಿಂದ ಏಳುವುದೇ ನಿಂತಾಗ, ಗ್ಯಾರೇಜೊಂದರಲ್ಲಿ ಅದರ ಪಾದಗಳಿಗೆ ದಪ್ಪ ಪಟ್ಟಿ ವೆಲ್ಡ್ ಮಾಡಿಕೊಟ್ಟರು. ಎರಡೇ ವಾರಕ್ಕೆ ಗಾಡಿ ಅಂಗಳದಲ್ಲಿ ಮಗುಚಿ, ಟ್ಯಾಂಕ್ ನೆಗ್ಗಿತು. ನಾನೇ ಬಿಚ್ಚಿ ನೋಡಿದಾಗ ಸ್ಟ್ಯಾಂಡ್ ತಿರುಗುವ ಬೋಲ್ಟಿನ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿತ್ತು. ಬೋಲ್ಟಿನ ನಡುವೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಬಿದ್ದಿತ್ತು. ಫ್ರೇಮಿಗೆ ತಾಗಿ ಸ್ಟ್ಯಾಂಡನ್ನು ತಡೆಯುವ ತುದಿಯೂ ಸವೆದಿದ್ದರಿಂದ ಅದು ಮಿತಿಮೀರಿ ಮುಂದಕ್ಕೆ ಜಾರುತ್ತಿತ್ತು.

ಆದ್ದರಿಂದ ಮೊದಲು ತೂತನ್ನು ದುಂಡಗೆ ಕೊರೆದು ಉಕ್ಕಿನ ಬುಷ್ (ಬೋಲ್ಟ್ ತೂರುವ ಪುಟ್ಟ ಕೊಳವೆ) ಕೂರಿಸಿ, ಹೊಸ ಬೋಲ್ಟಿಗೆ ಗ್ರೀಸ್ ಹಚ್ಚಿ, ತಡೆಯ ತುದಿಗೆ ಸ್ವಲ್ಪಸ್ವಲ್ಪವೇ ಲೋಹ ತುಂಬಿಸಿ ಅರದಿಂದ ಉಜ್ಜಿ ಹೊಂದಿಸಬೇಕು. ಪಾದಗಳ ಸರದಿ ಕೊನೆಯದು. ವೆಲ್ಡಿಂಗಿಗೆ ಮುನ್ನ ಸ್ಟ್ಯಾಂಡನ್ನು ಗಾಡಿಯಿಂದ ಪೂರ್ತಿ ಬಿಚ್ಚಿಕೊಂಡರೆ ವೈರಿಂಗಿಗೆ ಅಪಾಯವಿಲ್ಲ. ಬಿಗಿಯಾದ ಸ್ಪ್ರಿಂಗನ್ನು ಕಳಚುವಾಗ ಮಾತ್ರ ಕಣ್ಣಿಗೆ ಕನ್ನಡಕವಿರಲಿ. ಉಪ್ಪುಗಾಳಿಯ ಕರಾವಳಿಯವರಂತೂ ಪ್ರತಿ ಮಳೆಗಾಲದ ನಂತರ ಈ ಬೋಲ್ಟನ್ನು ಬಿಚ್ಚಿ ನೋಡುವುದು ಒಳ್ಳೆಯದು.

ನಮ್ಮ ಜಿಲ್ಲೆಯ ಐಟಿಐಗಳಲ್ಲಿ ಈ ಸಣ್ಣ ಕೆಲಸವನ್ನು ಮಕ್ಕಳ ಕೈಯಿಂದಲೇ ಮಾಡಿಸಿ ಕಲಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

— ಓದುಗ, ಶಿರಸಿ