ಆ ಕಿಟಕಿ ಮುಂದೆ ಅಮ್ಮ ಏನು ಹೇಳಬೇಕು?

ಚಿ. ಸೌ. ಶುಭಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರದ ಒಂದು ಸಾಲು ತಲೆಯಲ್ಲೇ ಕೂತುಬಿಟ್ಟಿದೆ. "ಬಾಣಂತನಕ್ಕೆ ಹೋಗ್ತಿದ್ದೀನಿ ಅಂತ ಅಮ್ಮ ಬಾಯಿಬಿಟ್ಟರೆ ಅಮೆರಿಕದ ವೀಸಾ ಸಿಗಲ್ಲ. ಸುಮ್ನೆ ಊರು ನೋಡೋಕೆ ಅನ್ನು ಅಂತ ನೀವೇ ಹೇಳಿಕೊಡಿ ದೊಡ್ಡಮ್ಮ" ಅಂತ ಬರೆದಿದ್ದೀಯ. ಮಿಕ್ಕಿದ್ದೆಲ್ಲ ಓದಿ ಖುಷಿಯಾಯಿತು. ಇದೊಂದು ಮಾತ್ರ ರಾತ್ರಿಯೆಲ್ಲ ಕಾಡಿತು. ಹೇಳಿಕೊಡಲು ನನಗೆ ಮನಸ್ಸಾಗುತ್ತಿಲ್ಲ ಪುಟ್ಟಿ.

ನಿಮ್ಮಮ್ಮನ ಚೀಲದಲ್ಲಿ ಏನಿರುತ್ತೆ ಯೋಚಿಸು. ಅಂಟಿನುಂಡೆ, ಒಣಶುಂಠಿ, ಬಜೆ, ಮಗುವಿಗೆ ಅಂತ ಹಳೇ ಸೀರೆ ಹರಿದು ಮಡಿಸಿಟ್ಟ ಮೆತ್ತನೆ ಬಟ್ಟೆ. ಇದನ್ನೆಲ್ಲ ಹೊತ್ತುಕೊಂಡು ಅವಳು ನಯಾಗರ ನೋಡೋಕೆ ಬಂದೆ ಅನ್ನಬೇಕಾ? ಅವಳ ಮುಖವೇ ಹೇಳಿಬಿಡುತ್ತೆ. ಚಿಕ್ಕಂದಿನಿಂದಲೂ ಹಾಗೇ.

ನನ್ನ ಮೊದಲ ಮೊಮ್ಮಗ ಹುಟ್ಟುವ ಮುಂಚೆ ನಾನೂ ವೀಸಾ ಇಂಟರ್‌ವ್ಯೂಗೆ ಅಂತ ಚೆನ್ನೈಗೆ ಹೋಗಿದ್ದೆ. ಅಳಿಯಂದಿರು ಪ್ರೀತಿಯಿಂದಲೇ ಪ್ರಶ್ನೆ, ಉತ್ತರ ಬರೆದುಕೊಟ್ಟಿದ್ದರು. ಹಿಂದಿನ ರಾತ್ರಿ ಲಾಡ್ಜಿನಲ್ಲಿ ಕೂತು ಬಾಯಿಪಾಠ ಮಾಡಿದೆ. ಊಟ ಸೇರಲಿಲ್ಲ. ಬೆಳಿಗ್ಗೆ ಕಿಟಕಿ ಹತ್ತಿರ ಹೋದರೆ ಕೇಳಿದ್ದು ಎರಡು ಮೂರು ಮಾತು. ಯಾರ ಮನೆಗೆ, ಎಷ್ಟು ದಿನ, ಇಲ್ಲಿ ಯಾರಿದ್ದಾರೆ. ಮಗಳಿಗೆ ಮಗು ಆಗುತ್ತೆ, ಜೊತೆಗಿದ್ದು ಬರುತ್ತೇನೆ ಅಂದೆ. ಬಾಯಿಪಾಠ ಮಾಡಿದ್ದು ಒಂದೂ ನೆನಪಾಗಲಿಲ್ಲ. ವೀಸಾ ಆಯಿತು.

ಆದರೆ ಆ ರಾತ್ರಿಯ ಹೆದರಿಕೆ ನನ್ನಿಂದ ಹೋಗಲೇ ಇಲ್ಲ. ಎರಡನೇ ಮಗುವಿನ ಹೊತ್ತಿಗೆ ವೀಸಾ ಇನ್ನೂ ಚಾಲ್ತಿಯಲ್ಲಿತ್ತು. ಹತ್ತು ವರ್ಷದ್ದು. ಆದರೂ ಏರ್‌ಪೋರ್ಟಿನಲ್ಲಿ ಮತ್ತೆ ನಿಲ್ಲಿಸಿ ಕೇಳುತ್ತಾರಲ್ಲ ಅಂತ ಎದೆ ಹೊಡೆದುಕೊಂಡಿತು. ಮಂಡಿನೋವು ಅಂದುಬಿಟ್ಟೆ. ಮಗಳು ಒಬ್ಬಳೇ ಎದ್ದು, ಒಬ್ಬಳೇ ನೀರು ಕಾಯಿಸಿಕೊಂಡಳು. ಆ ಮಗುವಿಗೆ ಒಂದು ಸಲವೂ ನಾನು ಎಣ್ಣೆ ತಿಕ್ಕಿ ಎರೆಯಲಿಲ್ಲ. ಫೋಟೊ ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತೆ. ಅದೇ ಹೆದರಿಕೆಯನ್ನು ಈಗ ನೀನು ನನ್ನ ತಂಗಿಗೆ ಕಟ್ಟಿ ಕಳಿಸಬೇಡ.

ನನಗೆ ತಿಳಿದಷ್ಟು ಹೇಳುತ್ತೇನೆ. ಕಾನೂನು ನಿನಗೇ ಜಾಸ್ತಿ ಗೊತ್ತಿರಬಹುದು. ಆಫೀಸರಿಗಿರುವ ದೊಡ್ಡ ಅನುಮಾನ ಮಗುವಿಗೆ ಸ್ನಾನ ಮಾಡಿಸುವವರು ಯಾರು ಅಂತಲ್ಲ. ಬಂದವರು ವಾಪಸ್ ಹೋಗುತ್ತಾರಾ ಅಂತ. ಅವರ ಕಾನೂನಿನ 214(ಬಿ) ಅನ್ನುವ ಕಲಮಿನ ಪ್ರಕಾರ ಅರ್ಜಿ ಹಾಕಿದವರೆಲ್ಲ ಅಲ್ಲೇ ನೆಲೆಸಲು ಬಂದವರು ಅಂತಲೇ ಎಣಿಸುತ್ತಾರೆ. ಹಾಗಲ್ಲ ಅಂತ ತೋರಿಸಬೇಕಾದ್ದು ನಾವು. ನಿಮ್ಮಪ್ಪ ತಿಪಟೂರಿನಲ್ಲೇ ಇರುತ್ತಾರೆ, ತೋಟ ಇದೆ, ಪೆನ್ಷನ್ ಬರುತ್ತೆ, ಇಂಥ ತಿಂಗಳು ವಾಪಸ್ ಬರುತ್ತೇನೆ. ಇವೆಲ್ಲ ನಿಜ ತಾನೇ? ನಿಜ ಹೇಳೋಕೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಬಿ-2 ವೀಸಾದಲ್ಲಿ, ಅಂದರೆ ಊರು ನೋಡೋಕೆ, ನೆಂಟರ ಮನೆಗೆ ಅಂತ ಕೊಡುವ ವೀಸಾದಲ್ಲಿ ಹೋದವರು ಅಲ್ಲಿ ದುಡಿಯಬಾರದು, ಅದು ಸರಿ. ಮಗಳ ಮನೆಯಲ್ಲಿ ಸಾರು ಮಾಡಿ, ಮಗು ಎತ್ತಿಕೊಂಡರೆ ಅದು ನೌಕರಿ ಆಗಲ್ಲ. ಆದರೆ ನಿನ್ನ ಗೆಳತಿಯರು ತಮ್ಮ ಮಕ್ಕಳನ್ನೂ ಬಿಟ್ಟು ಹೋಗಿ ಡಾಲರ್ ಕೈಗಿಟ್ಟರೆ ಅದು ಕೆಲಸವೇ. ಅದಕ್ಕೆ ಮಾತ್ರ ಒಪ್ಪಬೇಡ. ಹಾಗೇ "ಮಗು ನೋಡಿಕೊಳ್ಳೋಕೆ ಆಳು ಇಡೋದು ದುಬಾರಿ, ಅದಕ್ಕೆ ಅಮ್ಮನನ್ನು ಕರೆಸುತ್ತಿದ್ದೇವೆ" ಅಂತ ಮಾತಿಗೂ ಎಲ್ಲೂ ಹೇಳಬೇಡ. ನೀನು ಆ ಅರ್ಥದಲ್ಲಿ ಕರೆಸುತ್ತಿಲ್ಲ ಅಂತ ನನಗೆ ಗೊತ್ತು. ಕೇಳಿದವರಿಗೆ ಗೊತ್ತಾಗಬೇಕಲ್ಲ.

ನಿಜ ಹೇಳಿ ವೀಸಾ ಸಿಗದಿದ್ದರೆ? ಸಿಗದೇ ಇರಬಹುದು, ಇಲ್ಲ ಅನ್ನಲ್ಲ. ಅರ್ಜಿಗೆ ಕಟ್ಟಿದ 185 ಡಾಲರ್ ಹೋಗುತ್ತೆ, ಕಣ್ಣೀರು ಬರುತ್ತೆ. ಮತ್ತೆ ಅರ್ಜಿ ಹಾಕಬಹುದು. ಬೇಕೆಂದೇ ಸುಳ್ಳು ಹೇಳಿದರು ಅಂತ ಬರೆದುಕೊಂಡರೆ ಮಾತ್ರ ಅದು ಜನ್ಮಕ್ಕೆ ಅಂಟಿಕೊಳ್ಳುತ್ತೆ, ಆ ದೇಶದ ಬಾಗಿಲೇ ಮುಚ್ಚಬಹುದು. ನನಗೆ ಭಯವಾಗಿದ್ದು ಅದಕ್ಕೇ. ನೀನು ಹೆದರಬೇಕಾದ ಕಡೆ ಧೈರ್ಯವಾಗಿದ್ದೀಯ, ಧೈರ್ಯವಾಗಿ ಇರಬೇಕಾದ ಕಡೆ ಹೆದರಿದ್ದೀಯ.

ಡಿಎಸ್-160 ಅನ್ನುವ ವೀಸಾ ಅರ್ಜಿ ಫಾರಂ ನೀನೇ ತುಂಬು, ಆದರೆ ಸಾಲು ಸಾಲಾಗಿ ಅಮ್ಮನಿಗೆ ಫೋನಿನಲ್ಲಿ ಓದಿ ಹೇಳು. ಅಲ್ಲಿ ಬರೆದದ್ದು ಒಂದು, ಅವಳು ಹೇಳಿದ್ದು ಒಂದು ಆಗಬಾರದು. ಕನ್ನಡದಲ್ಲೇ ಮಾತಾಡಲಿ, ಅರ್ಧಂಬರ್ಧ ಇಂಗ್ಲಿಷ್ ಬೇಡ. ವೀಸಾದಲ್ಲಿ ಹತ್ತು ವರ್ಷ ಅಂತ ಇದ್ದರೂ ಅಷ್ಟು ದಿನ ಇರುವ ಹಾಗಿಲ್ಲ. ಎಷ್ಟು ದಿನ ಅಂತ ಏರ್‌ಪೋರ್ಟಿನಲ್ಲಿ ಹೇಳುತ್ತಾರೆ, ಸಾಮಾನ್ಯವಾಗಿ ಆರು ತಿಂಗಳು. ಬಂದಿಳಿದ ಮೇಲೆ ಐ-94ರಲ್ಲಿ, ಅಂದರೆ ಒಳಗೆ ಬಿಟ್ಟ ದಾಖಲೆಯಲ್ಲಿ, ಯಾವ ತಾರೀಖಿನವರೆಗೆ ಇರಬಹುದು ಅಂತಿದೆ ಅಂತ ನೋಡಿಕೊ. ಅವಳ ಬಿಪಿ ಮಾತ್ರೆಯ ಚೀಟಿ, ಇನ್ಶೂರೆನ್ಸ್ ಮರೆಯಬೇಡ. ಮೊದಲೇ ಇದ್ದ ಕಾಯಿಲೆಗೆ ಎಷ್ಟು ಕೊಡುತ್ತಾರೆ ಅಂತ ಓದಿಯೇ ಕಟ್ಟು. ಇವೆಲ್ಲ ನಿನಗೆ ಗೊತ್ತಿರುವುದೇ, ಸುಮ್ನೆ ಬರೆದೆ.

ಆದರೂ ನನ್ನ ಮನಸ್ಸು ಆ ಕಿಟಕಿಗೇ ಹೋಗುತ್ತೆ. ಅವಳು "ಮಗಳ ಹೆರಿಗೆ, ಜೊತೆಗಿರಬೇಕು" ಅನ್ನಲಿ ಬಿಡು. ಅದನ್ನು ಮುಚ್ಚಿಡುವುದಕ್ಕೆ ಏನಿದೆ?

ಚೆನ್ನೈ ತಾರೀಖು ಸಿಕ್ಕ ಕೂಡಲೇ ತಿಳಿಸು. ಬೆರಳ ಗುರುತು ಕೊಡೋಕೆ ಒಂದು ದಿನ, ಇಂಟರ್‌ವ್ಯೂಗೆ ಒಂದು ದಿನ ಬೇಕಾಗುತ್ತೆ. ನಿಮ್ಮಪ್ಪ ತೋಟ ಬಿಟ್ಟು ಬರುವುದು ಬೇಡ, ನಾನೇ ಅವಳ ಜೊತೆ ಹೋಗುತ್ತೇನೆ. ಒಳಗೆ ಬಿಡುವುದಿಲ್ಲ, ಹೊರಗೆ ಕಾಯುತ್ತೇನೆ.

ನಿನ್ನ ದೊಡ್ಡಮ್ಮ