ಒಪ್ಪಂದದ ಒಟ್ಟು ಮೊತ್ತವನ್ನಷ್ಟೇ ಅಚ್ಚು ಹಾಕಿದರೆ ಸಾಲದು

ಮಾನ್ಯ ಸಂಪಾದಕರಿಗೆ,

ಅಮೆರಿಕದ ಫುಟ್‌ಬಾಲ್ ಆಟಗಾರನೊಬ್ಬನಿಗೆ ಐದು ವರ್ಷಕ್ಕೆ ಇಷ್ಟು ಕೋಟಿ ಡಾಲರ್, ಯುರೋಪಿನ ಕ್ಲಬ್ಬೊಂದರಿಂದ ಇನ್ನೊಬ್ಬನಿಗೆ ಇಷ್ಟು ಕೋಟಿ ಯೂರೊ ಎಂಬಂಥ ಸುದ್ದಿಗಳು ಕನ್ನಡ ಪತ್ರಿಕೆಗಳ ಕ್ರೀಡಾಪುಟಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ಹೆಚ್ಚಿನವು ಒಟ್ಟು ಮೊತ್ತವನ್ನು ರೂಪಾಯಿಗೆ ತಿರುಗಿಸಿ, ದಪ್ಪಕ್ಷರದಲ್ಲಿ ಹಾಕಿ ಅಲ್ಲಿಗೇ ಮುಗಿಯುತ್ತವೆ. ದಾವಣಗೆರೆಯಲ್ಲಿ ಲೆಕ್ಕಪತ್ರದ ಕೆಲಸ ಮಾಡಿಕೊಂಡು, ಬಹುಕಾಲದಿಂದ ಎರಡೂ ಬಗೆಯ ಫುಟ್‌ಬಾಲನ್ನು (ಅಮೆರಿಕದ್ದನ್ನೂ ನಮ್ಮ ಕಾಲ್ಚೆಂಡನ್ನೂ) ಆಸಕ್ತಿಯಿಂದ ನೋಡುತ್ತ ಬಂದಿರುವ ನನಗೆ, ಈ ರೂಢಿಯು ಓದುಗರಿಗೆ, ಅದರಲ್ಲೂ ಮಕ್ಕಳನ್ನು ಆಟದಲ್ಲಿ ಮುಂದೆ ತರಬೇಕೆಂದಿರುವ ತಂದೆತಾಯಿಗಳಿಗೆ ತಪ್ಪು ತಿಳಿವಳಿಕೆ ಕೊಡುತ್ತಿದೆ ಎಂದು ಬಲವಾಗಿ ಅನ್ನಿಸಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಾದ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಮಾಲೀಕ ಎಷ್ಟೇ ಶ್ರೀಮಂತನಾಗಿರಲಿ, ಒಂದು ವರ್ಷದಲ್ಲಿ ಆಟಗಾರರ ಲೆಕ್ಕಕ್ಕೆ ಬರೆಯಬಹುದಾದ ಹಣಕ್ಕೆ ಎಲ್ಲ ತಂಡಗಳಿಗೂ ಒಂದೇ ಮಿತಿ ಇದೆ. 1994ರಲ್ಲಿ ಮೊದಲ ಬಾರಿ ಜಾರಿಗೆ ಬಂದಾಗ 3.46 ಕೋಟಿ ಡಾಲರ್ ಇದ್ದ ಈ ಸ್ಯಾಲರಿ ಕ್ಯಾಪ್, 2025ರಲ್ಲಿ 27.92 ಕೋಟಿ ಡಾಲರ್‌ಗೆ ಮುಟ್ಟಿತು. ಲೀಗಿನ ಆದಾಯದಲ್ಲಿ ಆಟಗಾರರಿಗೆ ಇಂತಿಷ್ಟು ಪಾಲು ಎಂದು ಆಟಗಾರರ ಸಂಘವೂ ಮಾಲೀಕರೂ ಕೂತು ಮಾಡಿಕೊಂಡ ಒಡಂಬಡಿಕೆಯೇ ಇದರ ಬುಡ. ಹಾಗಾಗಿ ಆದಾಯ ಏರಿದಂತೆ ಮಿತಿ ಏರುತ್ತದೆ, ಇಳಿದರೆ ಇಳಿಯುತ್ತದೆ. ಕೋವಿಡ್ ಕಾಲದಲ್ಲಿ ಕ್ರೀಡಾಂಗಣಗಳು ಖಾಲಿ ಉಳಿದದ್ದರ ಫಲವಾಗಿ 2020ರಲ್ಲಿ 19.82 ಕೋಟಿ ಡಾಲರ್ ಇದ್ದದ್ದು 2021ರಲ್ಲಿ 18.25 ಕೋಟಿಗೆ ಇಳಿದಿತ್ತು.

ಈ ಮಿತಿಯೊಳಗೆ ತಂಡಗಳು ಹೇಗೆ ಲೆಕ್ಕ ಹೊಂದಿಸುತ್ತವೆ ಎಂಬುದೇ ನಮ್ಮ ಸುದ್ದಿಗಳಲ್ಲಿ ಕಾಣೆಯಾಗಿರುವ ಭಾಗ. ಆಟಗಾರ ಸಹಿ ಹಾಕಿದಾಗ ಕೊಡುವ ಬೋನಸ್ ಅವನ ಕೈಗೆ ಬೇಗನೆ ಸೇರುತ್ತದೆ. ಆದರೆ ತಂಡದ ಪುಸ್ತಕದಲ್ಲಿ ಅದನ್ನು ಒಪ್ಪಂದದ ವರ್ಷಗಳಿಗೆ, ಹೆಚ್ಚೆಂದರೆ ಐದು ವರ್ಷಕ್ಕೆ, ಸಮನಾಗಿ ಹಂಚಿ ಬರೆಯಲು ಅವಕಾಶವಿದೆ. ಐದು ಕೋಟಿ ಡಾಲರ್ ಬೋನಸ್ ಕೊಟ್ಟು ಐದು ವರ್ಷದ ಒಪ್ಪಂದ ಮಾಡಿಕೊಂಡರೆ ವರ್ಷಕ್ಕೆ ಒಂದು ಕೋಟಿಯಂತೆ ಖರ್ಚು ಬೀಳುತ್ತದೆ. ಎರಡು ವರ್ಷವಾದ ಮೇಲೆ ಆಟಗಾರನನ್ನು ಕೈಬಿಟ್ಟರೆ, ಉಳಿದ ಮೂರು ಕೋಟಿ ಸಾಮಾನ್ಯವಾಗಿ ಒಟ್ಟಿಗೆ ಬಂದು ಮಿತಿಯ ಮೇಲೆ ಕೂರುತ್ತದೆ. ಆಟಗಾರ ತಂಡದಲ್ಲಿಲ್ಲ, ಅವನ ಹೆಸರಿನ ಖರ್ಚು ಮಾತ್ರ ಇದೆ; ಅಲ್ಲಿನವರು ಇದನ್ನು ಡೆಡ್ ಮನಿ ಎನ್ನುತ್ತಾರೆ. ಈ ವರ್ಷ ಮಿತಿಯೊಳಗೆ ಜಾಗ ಸಾಲದಿದ್ದರೆ ಸಂಬಳದ ಒಂದು ಭಾಗವನ್ನು ಬೋನಸ್ಸಾಗಿ ಬದಲಿಸಿ ಮುಂದಿನ ವರ್ಷಗಳಿಗೆ ತಳ್ಳುವುದೂ ಉಂಟು. ಇದು ಹಣ ಉಳಿಸುವ ದಾರಿಯಲ್ಲ, ಹೊರೆಯನ್ನು ಮುಂದಕ್ಕೆ ಹಾಕುವ ದಾರಿ ಮಾತ್ರ ಎಂಬುದನ್ನು ಲೆಕ್ಕ ಬರೆಯುವ ಯಾರಾದರೂ ಒಂದು ನೋಟದಲ್ಲಿ ಹೇಳಬಲ್ಲರು.

ಡೆನ್ವರ್ ಬ್ರಾಂಕೋಸ್ ತಂಡ 2022ರಲ್ಲಿ ರಸೆಲ್ ವಿಲ್ಸನ್ ಅವರೊಂದಿಗೆ ಐದು ವರ್ಷಕ್ಕೆ 24.5 ಕೋಟಿ ಡಾಲರ್‌ನ ವಿಸ್ತರಣೆ ಮಾಡಿಕೊಂಡಾಗ ಜಗತ್ತಿನಾದ್ಯಂತ ಪತ್ರಿಕೆಗಳು ಆ ಅಂಕಿಯನ್ನೇ ತಲೆಬರಹಕ್ಕೇರಿಸಿದವು. ಇದ್ದ ಒಪ್ಪಂದ ಮುಗಿದ ಮೇಲೆ ಶುರುವಾಗಬೇಕಿದ್ದ ಆ ವಿಸ್ತರಣೆಯ ಒಂದು ವರ್ಷವನ್ನೂ ಅವರು ಡೆನ್ವರ್‌ನಲ್ಲಿ ಆಡಲಿಲ್ಲ. 2024ರ ಮಾರ್ಚ್‌ನಲ್ಲಿ ತಂಡ ಅವರನ್ನು ಕೈಬಿಟ್ಟಿತು. ಅದರಿಂದ ಸುಮಾರು 8.5 ಕೋಟಿ ಡಾಲರ್ ಡೆಡ್ ಮನಿ ಎರಡು ವರ್ಷಗಳ ಮಿತಿಯ ಮೇಲೆ ಬಿತ್ತು. ವಿಲ್ಸನ್ ಪಿಟ್ಸ್‌ಬರ್ಗ್ ತಂಡಕ್ಕೆ ಕನಿಷ್ಠ ಸಂಬಳವಾದ 12.1 ಲಕ್ಷ ಡಾಲರ್‌ಗೆ ಹೋದರು. ಆ ವರ್ಷ ಅವರಿಗೆ ಖಾತರಿಯಾಗಿದ್ದ, ಅಂದರೆ ಕೈಬಿಟ್ಟರೂ ಕೊಡಲೇಬೇಕಾಗಿದ್ದ 3.9 ಕೋಟಿ ಡಾಲರ್‌ನಲ್ಲಿ ಉಳಿದದ್ದನ್ನೆಲ್ಲ ಕೊಟ್ಟದ್ದು ಡೆನ್ವರ್ ತಂಡವೇ. ಒಪ್ಪಂದದ ಒಟ್ಟು ಮೊತ್ತಕ್ಕೂ ಖಾತರಿ ಹಣಕ್ಕೂ ಎಷ್ಟು ಅಂತರವಿದೆ ಎಂಬುದು ಈ ಒಂದು ಪ್ರಕರಣದಿಂದಲೇ ಗೊತ್ತಾಗುತ್ತದೆ. ಅದೇ 2022ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಡೆಶಾನ್ ವಾಟ್ಸನ್ ಅವರಿಗೆ ಕೊಟ್ಟ ಐದು ವರ್ಷದ 23 ಕೋಟಿ ಡಾಲರ್ ಪೂರ್ತಿ ಖಾತರಿಯದಾಗಿತ್ತು. ತಲೆಬರಹದಲ್ಲಿ ವಿಲ್ಸನ್ ದೊಡ್ಡವರಾಗಿ ಕಂಡರೂ ಒಪ್ಪಂದ ಗಟ್ಟಿಯಿದ್ದದ್ದು ವಾಟ್ಸನ್ ಅವರದು.

ನಮ್ಮ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟವನ್ನು ಚೇಣಿಗೆ ಕೊಡುವಾಗ ಮಾತಾದ ಮೊತ್ತ ಎಷ್ಟೇ ಇರಲಿ, ಮುಂಗಡ ಎಷ್ಟು ಕೈಗೆ ಬಂತು, ಬಾಕಿ ಯಾವ ತಿಂಗಳಿಗೆ, ನಡುವೆ ದರ ಬಿದ್ದರೆ ನಷ್ಟ ಯಾರದು ಎಂದೇ ಅವರು ಮೊದಲು ಕೇಳುತ್ತಾರೆ.

ಕಿರಿಯ ಆಟಗಾರರ ವಿಷಯದಲ್ಲಿ ಈ ಲೆಕ್ಕ ಇನ್ನೂ ಕಟುವಾಗಿದೆ. ಹೊಸಬರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 2010ರಲ್ಲಿ ಮೊದಲಿಗರಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್ ಅವರಿಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್‌ನ ಒಪ್ಪಂದ, ಅದರಲ್ಲಿ 5 ಕೋಟಿ ಖಾತರಿ ಸಿಕ್ಕಿತು. ಮರುವರ್ಷ ಹೊಸ ಒಡಂಬಡಿಕೆಯಾಗಿ ಹೊಸಬರ ಸಂಬಳಕ್ಕೆ ಕಟ್ಟು ಬಿದ್ದದ್ದರಿಂದ, 2011ರಲ್ಲಿ ಅದೇ ಮೊದಲ ಸ್ಥಾನದಲ್ಲಿ ಆಯ್ಕೆಯಾದ ಕ್ಯಾಮ್ ನ್ಯೂಟನ್ ಅವರಿಗೆ ದೊರೆತದ್ದು ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. 2022ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಕೊನೆಗೆ, 262ನೆಯವರಾಗಿ ಆಯ್ಕೆಯಾದ ಬ್ರಾಕ್ ಪರ್ಡಿ, 2023ರ ಋತುವಿನಲ್ಲಿ 8.7 ಲಕ್ಷ ಡಾಲರ್ ಸಂಬಳಕ್ಕೆ ಆಡುತ್ತಲೇ ಸ್ಯಾನ್ ಫ್ರಾನ್ಸಿಸ್ಕೊ ತಂಡವನ್ನು ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ತನಕ ಒಯ್ದರು. ತಂಡದ ಅತಿ ಮುಖ್ಯ ಸ್ಥಾನದಲ್ಲಿರುವವನಿಗೆ ಇಷ್ಟು ಕಡಿಮೆ ಕೊಟ್ಟು, ಉಳಿದ ಜಾಗದಲ್ಲಿ ಇತರ ದುಬಾರಿ ಆಟಗಾರರನ್ನು ಇಟ್ಟುಕೊಳ್ಳಲು ಆ ತಂಡಕ್ಕೆ ಸಾಧ್ಯವಾಯಿತು. 2025ರ ಮೇ ತಿಂಗಳಲ್ಲಿ ಪರ್ಡಿ ಐದು ವರ್ಷಕ್ಕೆ 26.5 ಕೋಟಿ ಡಾಲರ್‌ನ ಒಪ್ಪಂದ ಪಡೆದಾಗ ಅದು ನಮ್ಮಲ್ಲಿ ಹಲವರಿಗೆ ಹಠಾತ್ ಅದೃಷ್ಟವಾಗಿ ಕಂಡಿತು. ಅದಕ್ಕೂ ಮುಂಚಿನ ಮೂರು ಋತುಗಳಲ್ಲಿ ಅವರು ಆಡಿದ ಸಂಬಳವನ್ನು ಪಕ್ಕದಲ್ಲಿ ಬರೆದಿದ್ದರೆ ಹಾಗೆ ಕಾಣುತ್ತಿರಲಿಲ್ಲ.

ನಮ್ಮ ಓದುಗರು ಹೆಚ್ಚು ನೋಡುವ ಕಾಲ್ಚೆಂಡಿನಲ್ಲಿಯೂ ಮಿತಿಯ ಬಿಸಿ ಇದೆ. 2021ರ ಆಗಸ್ಟ್‌ನಲ್ಲಿ ಲಯೊನೆಲ್ ಮೆಸ್ಸಿ ಬಾರ್ಸಿಲೋನ ಬಿಟ್ಟದ್ದು ಮನಸ್ತಾಪದಿಂದಲ್ಲ. ಇಬ್ಬರೂ ಒಪ್ಪಿದ್ದರೂ, ಸ್ಪೇನ್‌ನ ಲೀಗಾದ ಲಾ ಲಿಗಾದ ಹಣಕಾಸು ನಿಯಮದಡಿ ಆ ಕ್ಲಬ್ ಅವರನ್ನು ನೋಂದಾಯಿಸುವ ಸ್ಥಿತಿಯಲ್ಲಿರಲಿಲ್ಲ. ಐಪಿಎಲ್‌ನ 2025ರ ಹರಾಜಿನಲ್ಲಿ ಪ್ರತಿ ತಂಡ ಆಟಗಾರರಿಗೆ ಖರ್ಚು ಮಾಡಬಹುದಾದ ಹಣ 120 ಕೋಟಿ ರೂಪಾಯಿ ಇತ್ತು, ರಿಷಭ್ ಪಂತ್ ಅವರಿಗೆ ಬಂದ 27 ಕೋಟಿ ಒಂದು ಋತುವಿನ ಸಂಭಾವನೆ. ಇದನ್ನೂ ಎನ್‌ಎಫ್‌ಎಲ್‌ನ ಐದು ವರ್ಷದ ಮೊತ್ತವನ್ನೂ ಒಂದೇ ಪಟ್ಟಿಯಲ್ಲಿ ಜೋಡಿಸಿ ಯಾರು ಶ್ರೀಮಂತ ಎಂದು ಕೇಳುವುದು ಲೆಕ್ಕವಲ್ಲ.

ಇದೆಲ್ಲ ದೂರದೇಶದ ವಿಷಯ, ದಾವಣಗೆರೆಗೇನು ಎಂದು ಯಾರಾದರೂ ಕೇಳಬಹುದು. ವೇಗದ ಬೌಲರ್ ಆರ್. ವಿನಯ್ ಕುಮಾರ್ ಅವರನ್ನು ಕೊಟ್ಟ ಊರು ಇದು. ಆಟದಿಂದ ಬದುಕು ಕಟ್ಟಿಕೊಳ್ಳಬಹುದು ಎಂಬ ನಂಬಿಕೆ ಇಲ್ಲಿನ ಮನೆಗಳಲ್ಲಿ ಬೇರೂರಿದೆ. ಹರಿಹರದ ತಂದೆಯೊಬ್ಬರು ತಮ್ಮ ಮಗ ಹೊರಗಿನ ಕ್ಲಬ್ಬೊಂದರ ಜೊತೆ ಮಾಡಿಕೊಂಡ ಕರಾರನ್ನು ನನ್ನ ಬಳಿ ತಂದಿದ್ದರು. ಮೂರು ಪುಟಗಳ ಇಂಗ್ಲಿಷ್ ಕಾಗದದ ಮೊದಲ ಪುಟದಲ್ಲೇ ಎರಡು ವರ್ಷದ ಒಟ್ಟು ಮೊತ್ತ ದಪ್ಪಗೆ ಇತ್ತು. ಕ್ಲಬ್ ಯಾವಾಗ ಬೇಕಾದರೂ ಮೂವತ್ತು ದಿನದ ನೋಟಿಸ್ ಕೊಟ್ಟು ಬಿಡುಗಡೆ ಮಾಡಬಹುದೆಂಬ ಷರತ್ತು ಮೂರನೆಯ ಪುಟದ ಕೆಳಗೆ, ಸಹಿಯ ಗೆರೆಗೆ ತಾಗಿಕೊಂಡು ಇತ್ತು. ಆಟಗಾರನಿಗೆ ಅಂಥ ಹಕ್ಕು ಎಲ್ಲಿಯೂ ಇರಲಿಲ್ಲ. ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು ಎಂಬ ಮಾತೇ ಇರಲಿಲ್ಲ. ಆ ತಂದೆ ಮೊದಲ ಪುಟದ ಅಂಕಿಯ ಮೇಲೆ ಬೆರಳಿಟ್ಟು, ಇಷ್ಟಕ್ಕೆ ಬ್ಯಾಂಕಿನಲ್ಲಿ ಮನೆಸಾಲ ಕೇಳಬಹುದೇ ಎಂದರು. ಖಾತರಿಯಾಗಿ ಬರುವುದು ಒಂದು ತಿಂಗಳ ಸಂಬಳ ಮಾತ್ರ ಎಂದು ಅವರಿಗೆ ಹೇಳುವುದು ನನಗೆ ಬಹಳ ಕಷ್ಟವಾಯಿತು.

ದೊಡ್ಡ ಕ್ಲಬ್ಬುಗಳಲ್ಲಿಯೂ ಹಣ ನಿಲ್ಲುವ ಸಂದರ್ಭ ಬರುತ್ತದೆ. ಭಾರತದ ಕಾಲ್ಚೆಂಡು ಲೀಗಾದ ಐಎಸ್‌ಎಲ್‌ನ ಭವಿಷ್ಯವೇ ಅತಂತ್ರವಾಗಿದ್ದ 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿರುವುದಾಗಿ ಪ್ರಕಟಿಸಿತ್ತು. ಇಂಥ ಹೊತ್ತಿನಲ್ಲಿ ಆಟಗಾರನ ರಕ್ಷಣೆಗೆ ಜಾಗತಿಕ ಕಾಲ್ಚೆಂಡು ಸಂಸ್ಥೆಯಾದ ಫಿಫಾದ ನಿಯಮಗಳಿವೆ. ಎರಡು ತಿಂಗಳ ಸಂಬಳ ಅಕ್ರಮವಾಗಿ ಬಾಕಿ ಉಳಿದರೆ, ಲಿಖಿತ ನೋಟಿಸ್ ಕೊಟ್ಟು ಕನಿಷ್ಠ 15 ದಿನ ಕಾಲಾವಕಾಶ ನೀಡಿದ ಬಳಿಕ ಆಟಗಾರ ನ್ಯಾಯಸಮ್ಮತವಾಗಿ ಒಪ್ಪಂದ ಮುರಿಯಬಹುದು. 18 ವರ್ಷ ತುಂಬದವರೊಂದಿಗೆ ಮೂರು ವರ್ಷಕ್ಕಿಂತ ದೀರ್ಘವಾದ ವೃತ್ತಿಪರ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ವೈದ್ಯಕೀಯ ತಪಾಸಣೆಯಲ್ಲಿ ಪಾಸಾದರೆ ಮಾತ್ರ ಕರಾರು ಊರ್ಜಿತ ಎಂಬ ಷರತ್ತನ್ನೂ ಹಾಕುವಂತಿಲ್ಲ. ತಪಾಸಣೆಯನ್ನು ಸಹಿಗೆ ಮೊದಲೇ ಮುಗಿಸಿಕೊಳ್ಳಬೇಕು. ನನ್ನ ಬಳಿ ಕಾಗದ ತಂದ ಯಾರಿಗೂ ಇವುಗಳಲ್ಲಿ ಒಂದೂ ಗೊತ್ತಿರಲಿಲ್ಲ.

ಆದ್ದರಿಂದ, ಒಪ್ಪಂದದ ಸುದ್ದಿ ಅಚ್ಚಾಗುವಾಗಲೆಲ್ಲ ಒಟ್ಟು ಮೊತ್ತದ ಜೊತೆಗೆ ಅದು ಎಷ್ಟು ವರ್ಷದ್ದು, ಖಾತರಿ ಹಣ ಎಷ್ಟು, ತಂಡ ನಡುವೆ ಕೈಬಿಟ್ಟರೆ ಆಟಗಾರನಿಗೆ ಏನು ಸಿಗುತ್ತದೆ ಎಂಬುದನ್ನೂ ಸೇರಿಸಬೇಕೆಂದು ತಮ್ಮ ಕ್ರೀಡಾ ವಿಭಾಗವನ್ನು ಕೋರುತ್ತೇನೆ. ಸುದ್ದಿಸಂಸ್ಥೆಯಿಂದ ಬಂದ ವರದಿಯಲ್ಲಿ ಖಾತರಿಯ ಅಂಕಿ ಇಲ್ಲದಿದ್ದರೆ ಅದು ತಿಳಿದುಬಂದಿಲ್ಲ ಎಂದು ಒಂದು ಸಾಲು ಬರೆದರೂ ಓದುಗ ಎಚ್ಚರಗೊಳ್ಳುತ್ತಾನೆ. ಮೇಲೆ ಹೇಳಿದ ಫಿಫಾ ನಿಯಮಗಳನ್ನು ಬಲ್ಲ ವಕೀಲರೊಬ್ಬರಿಂದ ಸರಳ ಕನ್ನಡದಲ್ಲಿ ಬರೆಸಿ, ಶಾಲೆಗಳಿಗೆ ಬೇಸಿಗೆ ರಜೆ ಬಿದ್ದು ಹೈಸ್ಕೂಲ್ ಮೈದಾನದಲ್ಲಿ ಹುಡುಗರು ಸೇರುವ ಮೊದಲು ಪ್ರಕಟಿಸಿದರೆ ಇನ್ನೂ ಒಳ್ಳೆಯದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಲೆಕ್ಕಪತ್ರ ಬರಹಗಾರ
ವಿದ್ಯಾನಗರ, ದಾವಣಗೆರೆ